ಸುಟ್ಟುಹೋದ ಮಾಸ್ಟರ್ ಟೇಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಧ್ವನಿಮುದ್ರಣಗಳ ಬಗ್ಗೆ ನಾಲ್ಕು ಜನ ಕೂತು ಮಾತಾಡಿದರೆ 2008ರ ಹಾಲಿವುಡ್ ಬೆಂಕಿಯ ವಿಷಯ ಬಂದೇ ಬರುತ್ತದೆ. ಬಂದಾಗಲೆಲ್ಲ ಅವೇ ಹತ್ತು ಹದಿನೈದು ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಮೊದಲಿಂದ ಓದಲೇಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಏನಿದು ಯೂನಿವರ್ಸಲ್ ಬೆಂಕಿ? ಚಿಕ್ಕದಾಗಿ ಹೇಳಿ.

2008ರ ಜೂನ್ 1, ಭಾನುವಾರ ನಸುಕು. ಕ್ಯಾಲಿಫೋರ್ನಿಯಾದ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಸಿನಿಮಾ ಸೆಟ್ಟುಗಳಿಗೆ ಬೆಂಕಿ ಬಿತ್ತು. ಪ್ರವಾಸಿಗರು ನೋಡಲು ಬರುತ್ತಿದ್ದ ಕಿಂಗ್ ಕಾಂಗ್ ಪ್ರದರ್ಶನ ಸುಟ್ಟಿತು. ಅದರ ಪಕ್ಕದಲ್ಲೇ 6197 ಎಂಬ ನಂಬರಿನ ಗೋದಾಮು ಇತ್ತು. ಜನ ಅದನ್ನು ವಿಡಿಯೋ ವಾಲ್ಟ್ ಅನ್ನುತ್ತಿದ್ದರು. ಅದರ ಒಂದು ಮೂಲೆಯಲ್ಲಿ, ಸುಮಾರು 2,400 ಚದರ ಅಡಿಯಲ್ಲಿ, ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್ ತನ್ನ ಹಾಡುಗಳ ಮೂಲ ಟೇಪುಗಳನ್ನು ಇಟ್ಟಿತ್ತು. ಅವೂ ಹೋದವು. ಮರುದಿನದ ಪತ್ರಿಕೆಗಳಲ್ಲಿ ಕಿಂಗ್ ಕಾಂಗ್ ಇದ್ದ, ಟೇಪುಗಳು ಇರಲಿಲ್ಲ.

ಮಾಸ್ಟರ್ ಅಂದ್ರೆ ಏನು ಸಾರ್? ಸಿಡಿ ಇದ್ರೆ ಸಾಲದಾ?

ಹಾಡನ್ನು ಮೊಟ್ಟಮೊದಲು ಯಾವ ವಸ್ತುವಿನ ಮೇಲೆ ಹಿಡಿದರೋ ಅದು ಮಾಸ್ಟರ್. ನೀವು ಕೇಳುವ ಪ್ಲೇಟು, ಕ್ಯಾಸೆಟ್ಟು, ಸಿಡಿ, ಮೊಬೈಲಿನ ಹಾಡು ಎಲ್ಲವೂ ಅದರ ಮಕ್ಕಳು, ಮೊಮ್ಮಕ್ಕಳು.

ಕಾಲಕ್ಕೆ ತಕ್ಕಂತೆ ಆ ವಸ್ತು ಬದಲಾಗಿದೆ. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದಾಗ ದನಿ ಕೊರೆದದ್ದು ಮೇಣದ ತಟ್ಟೆಯ ಮೇಲೆ. ಆ ಮೇಣ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಯಿತು. ಅಲ್ಲಿ ಅದರಿಂದ ಲೋಹದ ಅಚ್ಚು ತೆಗೆದರು. ಆ ಅಚ್ಚಿನಿಂದ ಅರಗಿನ ಪ್ಲೇಟುಗಳು ಬಿದ್ದವು, ಬೆಲ್ಲದಚ್ಚಿನಿಂದ ಬೆಲ್ಲ ಬೀಳುವ ಹಾಗೆ. (ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಎರಡನೇ ಮಹಾಯುದ್ಧದ ನಂತರ ಮ್ಯಾಗ್ನೆಟಿಕ್ ಟೇಪು ಬಂತು. ಆಮೇಲೆ ಡಿಜಿಟಲ್ ಟೇಪು, ಹಾರ್ಡ್ ಡಿಸ್ಕು.

ಟೇಪಿನ ಕಾಲದಲ್ಲಿ ಮಾಸ್ಟರುಗಳು ಎರಡು ಬಗೆ. ಒಂದು ಮಲ್ಟಿಟ್ರ್ಯಾಕ್: ಎರಡು ಇಂಚು ಅಗಲದ ಟೇಪಿನ ಮೇಲೆ 16 ಅಥವಾ 24 ಪಟ್ಟಿಗಳು, ದನಿಗೊಂದು, ಗಿಟಾರಿಗೊಂದು, ಡ್ರಮ್ಮಿಗೆ ನಾಲ್ಕಾರು. ಇನ್ನೊಂದು, ಅವನ್ನೆಲ್ಲ ಹದವಾಗಿ ಬೆರೆಸಿ ಎರಡೇ ಪಟ್ಟಿಗೆ ಇಳಿಸಿದ ಮಿಕ್ಸ್ ಟೇಪು. ಕಾಲು ಇಂಚೋ ಅರ್ಧ ಇಂಚೋ ಅಗಲ ಇರುತ್ತದೆ.

ಹಾಡುಗಳೆಲ್ಲ ಇನ್ನೂ ಆನ್‌ಲೈನಲ್ಲಿ ಕೇಳ್ತಾ ಇವೆಯಲ್ಲ. ಹಾಗಾದ್ರೆ ಕಳೆದುಹೋಗಿದ್ದು ಏನು?

ಹುಳಿ ಕುದ್ದು ಇಳಿದ ಮೇಲೆ ಹುಣಸೆಹಣ್ಣನ್ನು ವಾಪಸ್ ತೆಗೆಯಲು ಆಗುತ್ತದೆಯೇ? ಮಿಕ್ಸ್ ಆದ ಹಾಡೂ ಹಾಗೆಯೇ. ಮಲ್ಟಿಟ್ರ್ಯಾಕ್ ಇದ್ದರೆ ಮತ್ತೆ ಒಲೆ ಹಚ್ಚಬಹುದು: ಹೊಸ ಮಿಕ್ಸ್, ಸಿನಿಮಾ ಮಂದಿರಕ್ಕೆ ಬೇಕಾದ ಸರೌಂಡ್ ಶಬ್ದ, ಬರೀ ದನಿ, ಬರೀ ಪಿಟೀಲು. ಅದು ಹೋದರೆ ಆ ಬಾಗಿಲು ಮುಚ್ಚಿತು.

ಎರಡನೆಯದು, ಬಿಡುಗಡೆಯೇ ಆಗದವು. ಒಂದು ಹಾಡಿಗೆ ಹನ್ನೆರಡು ಸಲ ಹಾಡಿಸಿ ಒಂದನ್ನು ಆರಿಸಿದ್ದರೆ ಉಳಿದ ಹನ್ನೊಂದು, ಸ್ಟುಡಿಯೋದಲ್ಲಿ ನಡೆದ ಮಾತು, ನಗು, ತಪ್ಪು ತಾಳ, ಆಲ್ಬಮ್ಮಿಗೆ ಸೇರದೆ ಉಳಿದ ಹಾಡು ಎಲ್ಲ ಆ ಟೇಪಿನಲ್ಲೇ ಇರುತ್ತವೆ. ಇವಕ್ಕೆ ನಕಲು ಇರುವುದು ಅಪರೂಪ. ನನಗೆ ಹೆಚ್ಚು ಸಂಕಟವಾಗುವುದು ಇದರ ಬಗ್ಗೆ. ಯಾರೂ ಕೇಳಿರದ ಹಾಡು ಸುಟ್ಟುಹೋದರೆ ಅದು ಬೇಕಿತ್ತು ಎನ್ನುವವರೂ ಇರುವುದಿಲ್ಲ.

ಮೂರನೆಯದು ಗುಣಮಟ್ಟ. ಟೇಪಿನಿಂದ ಟೇಪಿಗೆ ಇಳಿಸಿದಷ್ಟು ಸಲ ಸೂಕ್ಷ್ಮ ಕಡಿಮೆಯಾಗಿ ಮೊರೆತ ಹೆಚ್ಚುತ್ತದೆ. ಎಂಬತ್ತರ ದಶಕದಲ್ಲಿ ಅವಸರದಲ್ಲಿ ಸಿಡಿ ಮಾಡಿದಾಗ ಅನೇಕ ಕಂಪನಿಗಳು ಕೈಗೆ ಸಿಕ್ಕ ಮೂರನೇ ತಲೆಮಾರಿನ ನಕಲನ್ನೇ ಬಳಸಿದವು. ಈಗಿನ ಯಂತ್ರಗಳಲ್ಲಿ ಮೂಲದಿಂದ ಮತ್ತೆ ತೆಗೆದರೆ ವ್ಯತ್ಯಾಸ ಸಾಮಾನ್ಯ ಕಿವಿಗೂ ಗೊತ್ತಾಗುತ್ತದೆ.

ಒಂದು ಅಡ್ಡಮಾತು. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಹೋದ ಚಿನ್ನಲೇಪದ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ಇದೆ, ಅಮೆರಿಕದ ರಾಕ್ ಗಾಯಕ ಚಕ್ ಬೆರ್ರಿಯ ಒಂದು ಹಾಡೂ ಇದೆ. ಬೆರ್ರಿಯ ಹೆಸರು ಬೆಂಕಿಯ ನಷ್ಟದ ಪಟ್ಟಿಯಲ್ಲಿ ಬಂತು. ನಕ್ಷತ್ರಗಳ ಕಡೆಗೆ ಹೋಗುತ್ತಿರುವುದೂ ನಕಲೇ.

ಟೇಲರ್ ಸ್ವಿಫ್ಟ್ ತನ್ನ ಮಾಸ್ಟರ್ಸ್ ಕೊಂಡ್ಕೊಂಡ್ಳು ಅಂತಾರಲ್ಲ, ಅದೂ ಇದೂ ಒಂದೇನಾ?

ಪದ ಒಂದೇ, ಅರ್ಥ ಎರಡು. 2025ರ ಮೇ ತಿಂಗಳಲ್ಲಿ ಅವರು ಕೊಂಡದ್ದು ಮುಖ್ಯವಾಗಿ ತಮ್ಮ ಮೊದಲ ಆರು ಆಲ್ಬಮ್ಮುಗಳ ಧ್ವನಿಮುದ್ರಣದ ಹಕ್ಕು. ಹಕ್ಕು ಸುಡುವುದಿಲ್ಲ. ಈ ಪುಟದ ವಿಷಯ ಷೆಲ್ಫಿನ ಮೇಲಿದ್ದ ವಸ್ತು.

## ಆ ರಾತ್ರಿ ಮತ್ತು ಆಮೇಲೆ

ಬೆಂಕಿ ಹತ್ತಿದ್ದು ಹೇಗೆ? ಅಷ್ಟು ದೊಡ್ಡ ಸ್ಟುಡಿಯೋದಲ್ಲಿ ನೀರಿನ ವ್ಯವಸ್ಥೆ ಇರ್ಲಿಲ್ವಾ?

ನ್ಯೂಯಾರ್ಕ್ ಬೀದಿಯನ್ನು ಹೋಲುವ ಸೆಟ್ಟಿನ ಚಾವಣಿ ರಿಪೇರಿ ರಾತ್ರಿಯಿಡೀ ನಡೆದಿತ್ತು. ಡಾಂಬರಿನ ಬಿಲ್ಲೆಗಳನ್ನು ಕೂರಿಸಲು ಕೆಲಸಗಾರರು ಬ್ಲೋಟಾರ್ಚಿನಿಂದ ಕಾಯಿಸುತ್ತಿದ್ದರು. ಕೆಲಸ ಮುಗಿದದ್ದು ಸುಮಾರು ಮೂರು ಗಂಟೆಗೆ. ಅಂಥ ಕೆಲಸವಾದ ಮೇಲೆ ಒಂದು ಗಂಟೆ ಅಲ್ಲೇ ಕಾದು ನೋಡಬೇಕೆಂಬುದು ನಿಯಮ. ಅವರು ಕಾದರು, ಕಾದೇ ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ ಜ್ವಾಲೆ ಎದ್ದಿತು.

ಸೆಟ್ಟು ಎಂದರೆ ಎದುರಿಗೆ ಕಲ್ಲಿನ ಕಟ್ಟಡ, ಹಿಂದೆ ಬರೀ ಮರ, ಪ್ಲೈವುಡ್ಡು. ನೀರಿನ ಒತ್ತಡ ಸಾಲದೆ ಅಗ್ನಿಶಾಮಕದವರು ಶೂಟಿಂಗಿಗೆಂದು ಮಾಡಿದ್ದ ಕೊಳಗಳಿಂದಲೂ ನೀರೆತ್ತಬೇಕಾಯಿತು. ಜೀವಹಾನಿ ಆಗಲಿಲ್ಲ.

ಸಿನಿಮಾ ಸ್ಟುಡಿಯೋದಲ್ಲಿ ಹಾಡಿನ ಟೇಪ್ ಯಾಕಿಟ್ಟಿದ್ರು?

ಹಿಂದೆ ಅವೆರಡೂ ಒಂದೇ ಮನೆ. ಎಂಸಿಎ ಎಂಬ ಕಂಪನಿಗೆ ಯೂನಿವರ್ಸಲ್ ಸಿನಿಮಾವೂ ಸೇರಿತ್ತು, ಡೆಕ್ಕಾ ರೆಕಾರ್ಡ್ಸೂ ಸೇರಿತ್ತು. ಅದು 1979ರಲ್ಲಿ ಎಬಿಸಿ ರೆಕಾರ್ಡ್ಸನ್ನು, 1985ರಲ್ಲಿ ಷಿಕಾಗೋದ ಚೆಸ್ ಸಂಸ್ಥೆಯ ಸಂಗ್ರಹವನ್ನು, 1990ರಲ್ಲಿ ಗೆಫೆನ್ನನ್ನು ಕೊಂಡಿತು. ಕೊಂಡ ಪ್ರತಿ ಕಂಪನಿಯ ಟೇಪುಗಳೂ ಬಂದವು. ಆಮೇಲೆ ಎಂಸಿಎಯನ್ನೇ ಸೀಗ್ರಾಮ್ ಕೊಂಡಿತು, ಸೀಗ್ರಾಮನ್ನು ಫ್ರಾನ್ಸಿನ ವಿವೆಂಡಿ ಕೊಂಡಿತು, 2004ರಲ್ಲಿ ಸಿನಿಮಾ ವಿಭಾಗ ಟಿವಿ ಕಂಪನಿ ಎನ್‌ಬಿಸಿ ಜೊತೆ ಸೇರಿ ಬೇರೆಯಾಯಿತು. ಅಣ್ಣತಮ್ಮಂದಿರು ಭಾಗವಾದರು, ತಮ್ಮನ ಸಾಮಾನು ಅಣ್ಣನ ಅಟ್ಟದಲ್ಲೇ ಬಾಡಿಗೆಗೆ ಉಳಿಯಿತು. ಕಂಪನಿ ಕೈಬದಲಾದಾಗ ಬ್ಯಾಂಕಿನ ಲೆಕ್ಕ ಪೈಸೆ ಪೈಸೆಗೂ ಆಗುತ್ತದೆ. ಅಟ್ಟದ ಮೇಲಿನ ಡಬ್ಬ ತೆರೆದು ನೋಡುವವರು ಕಡಿಮೆ.

ಹನ್ನೊಂದು ವರ್ಷ ಯಾರಿಗೂ ಗೊತ್ತೇ ಆಗ್ಲಿಲ್ವಾ?

ಕಂಪನಿಯ ಒಳಗಿನವರಿಗೆ ಬೆಂಕಿಯ ದಿನವೇ ಗೊತ್ತಿತ್ತು. ಹೊರಗೆ ಹೇಳಿದ್ದು ಬೇರೆ: ನಷ್ಟ ಹೆಚ್ಚೇನಿಲ್ಲ, ಅಲ್ಲಿದ್ದ ಬಹುಪಾಲನ್ನು ಅದೇ ವರ್ಷ ಬೇರೆಡೆ ಸಾಗಿಸಿದ್ದೆವು ಎಂದು. ಅಲ್ಲೊಂದು ಇಲ್ಲೊಂದು ಅನುಮಾನ ಎದ್ದು ಅಡಗಿತು.

2019ರ ಜೂನ್ 11ರಂದು ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ ಜೋಡಿ ರೋಸೆನ್ ಬರೆದ ದೀರ್ಘ ವರದಿ ಬಂದಾಗ ಜಗತ್ತಿಗೆ ವಿಷಯ ತಿಳಿಯಿತು. ಆ ವರದಿಗೆ ಆಧಾರ ಕಂಪನಿಯದೇ ಆಂತರಿಕ ಕಾಗದಗಳು ಮತ್ತು ಉಗ್ರಾಣದ ಹೊಣೆ ಹೊತ್ತಿದ್ದ ರ‍್ಯಾಂಡಿ ಅರಾನ್ಸನ್ ಅವರ ಮಾತು. ದೊಡ್ಡ ಸಂಗೀತ ಪರಂಪರೆಯೊಂದು ನಿಸ್ಸಂದೇಹವಾಗಿ ಬೆಂಕಿಯಲ್ಲಿ ಹೋಯಿತೆಂಬ ಸಾಲು ಆ ಕಾಗದಗಳಲ್ಲೇ ಇತ್ತು. ಇದರ ನಡುವೆ ಕೆಲವು ಕಲಾವಿದರಿಗೆ ತಮ್ಮಷ್ಟಕ್ಕೇ ಸುಳಿವು ಸಿಕ್ಕಿತ್ತು. ಕೆನಡಾದ ಬ್ರಯನ್ ಆಡಮ್ಸ್ ತಮ್ಮ 1984ರ ‘ರೆಕ್‌ಲೆಸ್’ ಆಲ್ಬಮ್ಮಿನ 30ನೇ ವರ್ಷದ ಮರುಬಿಡುಗಡೆಗೆ ಮೂಲ ಟೇಪು ಹುಡುಕಿಸಿದರೆ ಎಲ್ಲೂ ಇಲ್ಲ. ಬೆಂಕಿಯ ವಿಷಯವನ್ನು ಆಗಲೂ ಯಾರೂ ಅವರಿಗೆ ಹೇಳಲಿಲ್ಲ. ಕಡೆಗೆ ತಮ್ಮಲ್ಲೇ ಇದ್ದ ನಕಲಿನಿಂದ ಕೆಲಸ ಮಾಡಿಕೊಂಡರು.

ಒಬ್ಬರು ಒಂದು ಲಕ್ಷ ಅಂತಾರೆ, ಒಬ್ಬರು ಐದು ಲಕ್ಷ ಅಂತಾರೆ, ಕಂಪನಿ ಹತ್ತೊಂಬತ್ತು ಅನ್ನುತ್ತೆ. ಯಾವುದು ನಿಜ?

ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಸರಿಯಾದ ಪ್ರಶ್ನೆಯೂ ಹೌದು.

ಮೊದಲು ಸಂಖ್ಯೆಗಳನ್ನು ಬಿಡಿಸಿ ನೋಡೋಣ. ಕಂಪನಿಯ 2009ರ ಆಂತರಿಕ ದಾಖಲೆಯಲ್ಲಿ ನಾಶವಾದ ವಸ್ತುಗಳು 1,18,230. ಅರಾನ್ಸನ್ ಅವರ ಅಂದಾಜು 1,75,000ದ ಹತ್ತಿರ. ಐದು ಲಕ್ಷ ಎನ್ನುವುದು ಆ ವಸ್ತುಗಳಲ್ಲಿ ಇದ್ದಿರಬಹುದಾದ ಹಾಡುಗಳ ಅಂದಾಜು. ಹತ್ತೊಂಬತ್ತು ಎನ್ನುವುದು ಟೇಪುಗಳ ಲೆಕ್ಕವೇ ಅಲ್ಲ, ಮೂಲ ಮಾಸ್ಟರುಗಳಿಗೆ ಹಾನಿಯಾಗಿದೆ ಎಂದು 2020ರ ಫೆಬ್ರವರಿಯಲ್ಲಿ ಕಂಪನಿ ಕೋರ್ಟಿನಲ್ಲಿ ಒಪ್ಪಿಕೊಂಡ ಕಲಾವಿದರ ಲೆಕ್ಕ. ಒಬ್ಬರು ಡಬ್ಬ ಎಣಿಸಿದರು, ಇನ್ನೊಬ್ಬರು ಹಾಡು ಎಣಿಸಿದರು, ಮತ್ತೊಬ್ಬರು ತಲೆ ಎಣಿಸಿದರು.

ಡಬ್ಬ ಎಣಿಸುವುದರಲ್ಲೂ ತೊಡಕಿದೆ. ಒಂದು ಆಲ್ಬಮ್ಮಿಗೆ ನಲವತ್ತು ಟೇಪು ಇರಬಹುದು, ಒಂದೇ ಟೇಪಿನಲ್ಲಿ ಹತ್ತು ಹಾಡೂ ಇರಬಹುದು. ಒಂದು ಡಬ್ಬದಲ್ಲಿ ಮೂಲ, ಪಕ್ಕದ್ದರಲ್ಲಿ ಅದರ ಸುರಕ್ಷಾ ನಕಲು, ಅದರ ಪಕ್ಕದಲ್ಲಿ ಹೊರದೇಶಕ್ಕೆ ಕಳಿಸಲು ಮಾಡಿದ ನಕಲಿನ ನಕಲು. ಮೂರರ ಬೆನ್ನಿನ ಮೇಲೂ ಅದೇ ಹೆಸರು, ಅದೇ ಗೀಚು ಅಕ್ಷರ. ಡಬ್ಬದ ಮೇಲೆ ‘ಮಾಸ್ಟರ್’ ಎಂದು ಬರೆದಿದ್ದರೆ ಒಳಗೆ ಮಾಸ್ಟರೇ ಇದೆ ಅನ್ನುವ ಖಾತ್ರಿಯೂ ಇಲ್ಲ. ಹಳೆಯ ಸ್ಪೂಲುಗಳನ್ನು ಮುಟ್ಟಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿ.

ಇನ್ನೊಂದು ಸಂಗತಿ ಗಮನಿಸಿ. 2009ರಲ್ಲಿ ಸಂಗೀತದ ಕಂಪನಿ ಗೋದಾಮಿನ ಮಾಲೀಕ ಎನ್‌ಬಿಸಿಯೂನಿವರ್ಸಲ್ ಮೇಲೆ ದಾವೆ ಹೂಡಿತು. ಅದು 2013ರಲ್ಲಿ ರಾಜಿಯಾಯಿತು, ಮೊತ್ತ ಬಹಿರಂಗವಾಗಲಿಲ್ಲ. ಪರಿಹಾರ ಕೇಳುವವರಿಗೆ ನಷ್ಟ ದೊಡ್ಡದಾಗಿ ಕಾಣುತ್ತದೆ. 2019ರಲ್ಲಿ ಕಲಾವಿದರು ಅದೇ ಕಂಪನಿಯ ಮೇಲೆ ದಾವೆ ಹೂಡಿದಾಗ ಅದೇ ನಷ್ಟ ಚಿಕ್ಕದಾಗಿ ಕಂಡಿತು. ಹೋದದ್ದರಲ್ಲಿ ನಕಲುಗಳೇ ಹೆಚ್ಚು, ಆಂತರಿಕ ಪಟ್ಟಿ ಅವಸರದಲ್ಲಿ ಮಾಡಿದ ಉತ್ಪ್ರೇಕ್ಷೆ ಎಂಬುದು ಈಗಿನ ಅವರ ವಾದ. ಅದರಲ್ಲಿ ಸ್ವಲ್ಪ ನಿಜವೂ ಇದೆ, ನ್ಯೂಯಾರ್ಕ್ ಟೈಮ್ಸ್ ಕೊಟ್ಟ ನಷ್ಟದ ಪಟ್ಟಿಯಲ್ಲಿದ್ದ ಕೆಲವರ ಟೇಪುಗಳು ಸುರಕ್ಷಿತವಾಗಿ ಸಿಕ್ಕಿವೆ. ಆದರೆ ಒಳಗೇನಿತ್ತು ಎಂಬ ನಂಬಬಹುದಾದ ಪಟ್ಟಿ ಬೆಂಕಿಗೆ ಮುಂಚೆಯೇ ಇದ್ದಿದ್ದರೆ ಈ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. ನಿಜವಾದ ಸಂಖ್ಯೆ ಯಾವತ್ತಾದರೂ ಹೊರಬರುತ್ತದೆಂಬ ಆಸೆಯನ್ನು ನಾನು ಇಟ್ಟುಕೊಂಡಿಲ್ಲ.

ಯಾರ್ ಯಾರದ್ದು ಹೋಯ್ತು? ಹೆಸರು ಹೇಳಿ.

ಪತ್ರಿಕೆ ನಷ್ಟದ ಪಟ್ಟಿಯಲ್ಲಿ ಕೊಟ್ಟ ನೂರಾರು ಹೆಸರುಗಳಲ್ಲಿ ಕೆಲವು: ಲೂಯಿ ಆರ್ಮ್‌ಸ್ಟ್ರಾಂಗ್, ಬಿಲಿ ಹಾಲಿಡೇ, ಎಲ್ಲಾ ಫಿಟ್ಜ್‌ಜೆರಾಲ್ಡ್, ಮಡ್ಡಿ ವಾಟರ್ಸ್, ಎಟ್ಟಾ ಜೇಮ್ಸ್, ರೇ ಚಾರ್ಲ್ಸ್, ಬಿ. ಬಿ. ಕಿಂಗ್, ಜಾನ್ ಕೋಲ್ಟ್ರೇನ್. ಕಂಪನಿ ಒಪ್ಪಿದ ಹತ್ತೊಂಬತ್ತರಲ್ಲಿ ನಿರ್ವಾಣ, ಎಲ್ಟನ್ ಜಾನ್, ಆರ್‌ಇಎಂ, ಷೆರಿಲ್ ಕ್ರೋ, ಸೌಂಡ್‌ಗಾರ್ಡನ್, ಬೆಕ್, ಸುಝಾನ್ ವೇಗಾ, ಬ್ರಯನ್ ಆಡಮ್ಸ್, ಲೆಸ್ ಪಾಲ್ ಸೇರಿದ್ದಾರೆ. ಲೆಸ್ ಪಾಲ್ ಹೆಸರು ಓದಿದಾಗ ಹೊಟ್ಟೆ ಚುರುಕ್ ಅಂದಿತು. ಒಂದರ ಮೇಲೊಂದು ದನಿ ಕೂರಿಸುವ ಮಲ್ಟಿಟ್ರ್ಯಾಕ್ ವಿದ್ಯೆಗೆ ದಾರಿ ಹಾಕಿದವರಲ್ಲಿ ಅವರೇ ಮೊದಲಿಗರು.

ಉಳಿದದ್ದೂ ಇದೆ. 1920ರ ದಶಕದಿಂದ 1940ರ ದಶಕದ ಕೊನೆಯವರೆಗಿನ 2 ಲಕ್ಷಕ್ಕೂ ಹೆಚ್ಚು ಲೋಹದ ಮತ್ತು ಲ್ಯಾಕರಿನ ಮಾಸ್ಟರ್ ತಟ್ಟೆಗಳನ್ನು ಇದೇ ಕಂಪನಿ 2011ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟಿತು.

## ಇನ್ನೂ ಆಳಕ್ಕೆ

ಕೋರ್ಟಲ್ಲಿ ಕಲಾವಿದರಿಗೆ ನ್ಯಾಯ ಸಿಗ್ತಾ?

ಇಲ್ಲ. ಸೌಂಡ್‌ಗಾರ್ಡನ್, ಹೋಲ್, ಸ್ಟೀವ್ ಅರ್ಲ್, ಟುಪಾಕ್ ಶಕೂರ್ ಅವರ ವಾರಸುದಾರರು, ಟಾಮ್ ಪೆಟಿಯ ಮಾಜಿ ಪತ್ನಿ ಸೇರಿ 2019ರ ಜೂನಿನಲ್ಲೇ ದಾವೆ ಹೂಡಿದರು. ಬೇಡಿಕೆ 10 ಕೋಟಿ ಡಾಲರಿಗೂ ಮೇಲೆ. ಕಂಪನಿಗೆ ಬಂದ ರಾಜಿ ಹಣ, ವಿಮೆ ಹಣದಲ್ಲಿ ಅರ್ಧ ನಮಗೆ ಸೇರಬೇಕೆಂದರು. ತನ್ನ ಟೇಪು ಸುಟ್ಟಿಲ್ಲವೆಂಬ ಮಾತು ಬಂದ ಮೇಲೆ ಹೋಲ್ ತಂಡ ಹಿಂದೆ ಸರಿಯಿತು, 2020ರ ಮಾರ್ಚಿನ ಹೊತ್ತಿಗೆ ಇತರರೂ ಸರಿದರು. ಏಪ್ರಿಲಿನಲ್ಲಿ ನ್ಯಾಯಾಧೀಶರು ಉಳಿದ ದಾವೆಯನ್ನು ವಜಾ ಮಾಡಿದರು.

ಒಪ್ಪಂದಗಳನ್ನು ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಸಾಮಾನ್ಯವಾಗಿ ಮಾಸ್ಟರ್ ಕಂಪನಿಯ ಸ್ವತ್ತು. ಹಾಡು ಮಾರಿ ಬಂದ ಹಣದಲ್ಲಿ ಕಲಾವಿದರಿಗೆ ಪಾಲು ಇರುತ್ತದೆ. ವಸ್ತು ಸುಟ್ಟಾಗ ಬಂದ ಹಣದ ಬಗ್ಗೆ ಒಪ್ಪಂದ ಬರೆಯುವಾಗ ಯಾರು ಯೋಚಿಸಿದ್ದರು?

ಎಲ್ಲಾನೂ ಕಾಪಿ ಮಾಡಿ ಇಟ್ಕೊಳ್ಬೇಕಿತ್ತಲ್ವಾ? ಅದೇನ್ ಮಹಾ ಕೆಲಸ?

ಮಹಾ ಕೆಲಸವೇ. ಟೇಪನ್ನು ಓಡಿಸಿಯೇ ಇಳಿಸಬೇಕು, ಫೈಲು ಎಳೆದು ಬಿಟ್ಟ ಹಾಗಲ್ಲ. ಎರಡು ಇಂಚಿನ 2,500 ಅಡಿ ಸ್ಪೂಲು ಸೆಕೆಂಡಿಗೆ 30 ಇಂಚು ಓಡಿದರೆ ಹದಿನಾರೂವರೆ ನಿಮಿಷ ಬರುತ್ತದೆ. ಅದಕ್ಕೆ ಮುಂಚೆ ಯಂತ್ರದ ಹೆಡ್ಡು (ಟೇಪನ್ನು ಓದುವ ಭಾಗ) ಹೊಂದಿಸಬೇಕು, ಟೇಪಿನ ಸ್ಥಿತಿ ನೋಡಬೇಕು. ಎಪ್ಪತ್ತು ಎಂಬತ್ತರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗಿರುತ್ತದೆ. ಹಾಗೇ ಓಡಿಸಿದರೆ ಕಂದು ಪುಡಿ ಹೆಡ್ಡಿಗೆ ಮೆತ್ತಿ ಹಾಡೇ ಕಿತ್ತುಬರುತ್ತದೆ. ಅಂಥದ್ದನ್ನು ಹದವಾದ ಶಾಖದಲ್ಲಿ, ಸುಮಾರು 54 ಡಿಗ್ರಿಯಲ್ಲಿ, ಗಂಟೆಗಟ್ಟಲೆ ಇಟ್ಟು ಒಣಗಿಸಿ, ಮತ್ತೆ ಜಿಗುಟಾಗುವ ಮುಂಚೆ ಇಳಿಸಿಕೊಳ್ಳಬೇಕು. ಇದನ್ನು ಬಲ್ಲವರು ಈಗ ಕಡಿಮೆ, ಯಂತ್ರದ ಬಿಡಿಭಾಗ ಇನ್ನೂ ಕಡಿಮೆ.

ಇಷ್ಟೆಲ್ಲ ಮಾಡಿದರೂ ಹಾರ್ಡ್ ಡಿಸ್ಕು ಶಾಶ್ವತವಲ್ಲ. ತೊಂಬತ್ತರ ದಶಕದ ಡಿಸ್ಕುಗಳನ್ನು ಇಂದು ಹಚ್ಚಿದರೆ ಕೆಲವು ತಿರುಗುವುದೇ ಇಲ್ಲ, ತಿರುಗಿದರೂ ಅದನ್ನು ತೆರೆಯುವ ಸಾಫ್ಟ್‌ವೇರ್ ಇರುವುದಿಲ್ಲ. ಹಾಗೆಂದು ಕಂಪನಿಗೆ ಮಾಫಿ ಕೊಡುತ್ತಿಲ್ಲ. ಒಂದೇ ಸೂರಿನಡಿ ಮೂಲವನ್ನೂ ನಕಲನ್ನೂ ಇಡಬಾರದೆಂಬುದಕ್ಕೆ ಯಂತ್ರವೂ ಬೇಡ, ಪರಿಣತರೂ ಬೇಡ, ಒಂದು ಲಾರಿ ಸಾಕಿತ್ತು.

ಈಗ ಎಐ ಬಂದಿದೆಯಲ್ಲ, ಸಿಡಿಯಿಂದಲೇ ದನಿ ಬೇರೆ ವಾದ್ಯ ಬೇರೆ ಮಾಡ್ಬಹುದಲ್ವಾ?

ಒಂದು ಮಟ್ಟಿಗೆ ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಹಾಡಿನಿಂದ ಪಿಯಾನೋ ಬಿಡಿಸಿ ದನಿ ಮಾತ್ರ ತೆಗೆದು ಬೀಟಲ್ಸ್ 2023ರಲ್ಲಿ ‘ನೌ ಅಂಡ್ ದೆನ್’ ಹೊರತಂದರು. ಆದರೆ ಯಂತ್ರ ಬೇರ್ಪಡಿಸುವುದು ಇರುವುದನ್ನು. ಮಿಕ್ಸ್ ಮಾಡುವಾಗ ಕೈಬಿಟ್ಟ ಪಿಟೀಲು ಸಿಡಿಯಲ್ಲಿ ಇಲ್ಲವೇ ಇಲ್ಲ, ಹನ್ನೊಂದು ತಿರಸ್ಕೃತ ಟೇಕುಗಳೂ ಇಲ್ಲ. ಜೋರು ವಾದ್ಯದ ಕೆಳಗೆ ಮುಚ್ಚಿಹೋದ ಉಸಿರನ್ನು ಯಂತ್ರ ಊಹಿಸಿ ತುಂಬುತ್ತದೆ. ಅದು ಕೇಳಲು ಹಿತವಾಗಿರಬಹುದು, ಹಾಡಿದವರ ಉಸಿರಲ್ಲ.

ಇದೊಂದೇ ಬೆಂಕಿನಾ, ಬೇರೆ ಕಡೆನೂ ಆಗಿದೆಯಾ?

ಬೇಕಾದಷ್ಟು. 1978ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚಿನಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸಿನ ಗೋದಾಮು ಸುಟ್ಟು 5,000ಕ್ಕೂ ಹೆಚ್ಚು ಟೇಪು ಹೋದವು, ಬಹುಪಾಲು ಬಿಡುಗಡೆಯಾಗದವು. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ರಿಯೋ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉರಿದಾಗ ಮೂಲನಿವಾಸಿಗಳ ಭಾಷೆ, ಹಾಡುಗಳ ಧ್ವನಿಮುದ್ರಣಗಳು ನಾಶವಾದವು. ಆ ಭಾಷೆಗಳಲ್ಲಿ ಕೆಲವನ್ನು ಆಡುವವರು ಈಗ ಒಬ್ಬರೂ ಇಲ್ಲ. ನನ್ನ ಲೆಕ್ಕದಲ್ಲಿ ಇದು ಹಾಲಿವುಡ್ಡಿನದಕ್ಕಿಂತ ದೊಡ್ಡ ನಷ್ಟ. ಚಕ್ ಬೆರ್ರಿಯ ನಕಲಾದರೂ ಲಕ್ಷ ಮನೆಗಳಲ್ಲಿದೆ.

ಬೆಂಕಿಯಿಲ್ಲದೆ ನಾಶ ಮಾಡಿದ್ದೂ ಇದೆ. ಅರವತ್ತರ ದಶಕದ ಆರಂಭದಲ್ಲಿ ಆರ್‌ಸಿಎ ಕಂಪನಿಯ ಕ್ಯಾಮ್ಡೆನ್ ಗೋದಾಮನ್ನು ಸಿಡಿಮದ್ದಿಟ್ಟು ಕೆಡವಿ, ಒಳಗಿದ್ದ ಹಳೆಯ ಮಾಸ್ಟರುಗಳ ಸಮೇತ ಅವಶೇಷವನ್ನು ಡೆಲವೇರ್ ನದಿಗೆ ತಳ್ಳಲಾಯಿತು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿ ಹಳೆಯ ಕಾರ್ಯಕ್ರಮ ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ಹಿಡಿಯುತ್ತಿತ್ತು.

ನಮ್ಮ ಕಡೆ ಕಥೆ ಏನು?

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿನಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಬೆಳ್ಳಿತೆರೆಯ ಮೊದಲ ಮಾತು ಹೇಗೆ ಕೇಳಿಸಿತೆಂದು ಇಂದಿನ ಯಾರಿಗೂ ಗೊತ್ತಿಲ್ಲ. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣದಲ್ಲಿ ಬೆಂಕಿಯಾಗಿ ಹಳೆಯ ನೈಟ್ರೇಟ್ ಫಿಲ್ಮುಗಳ ರಾಶಿ ಸುಟ್ಟುಹೋಯಿತು. ನೈಟ್ರೇಟ್ ಒಮ್ಮೆ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ.

ಉಳಿದ ವಸ್ತು ಏನು ಹೇಳಬಲ್ಲದು ಎಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ಉದಾಹರಣೆ ಕೊಡುತ್ತೇನೆ. ನಾವು ಬಲ್ಲದ್ದು ಅವರ ಗಂಡುದನಿಯಂಥ ಗಂಭೀರ ಕಂಠ. ಮೂವತ್ತರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ 78 ಆರ್‌ಪಿಎಂ ಪ್ಲೇಟುಗಳಲ್ಲಿ ಕೇಳುವುದು ತೆಳು, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಕಂಠ ಬದಲಾಯಿತು. ಮೂರು ಮೂರು ನಿಮಿಷದ ಆ ಪ್ಲೇಟುಗಳು ಇಲ್ಲದಿದ್ದರೆ ಮೊದಲಿನ ದನಿಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಅವುಗಳಲ್ಲಿ ಅನೇಕವನ್ನು ಉಳಿಸಿದವರು ಪ್ಲೇಟು ಕೂಡಿಡುವ ಹುಚ್ಚಿನವರು. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುವುದರಿಂದ ಆ ಕಾಲದ ಪ್ಲೇಟುಗಳನ್ನು ಇಳಿಸಿ ಹಂಚಲು ಆ ಹಕ್ಕಿನ ಅಡ್ಡಿ ಈಗಿಲ್ಲ.

ನಮ್ಮ ತಾತನ ಸ್ಪೂಲ್‌ಗಳು ಅಟ್ಟದಲ್ಲಿವೆ, ಏನ್ ಮಾಡ್ಲಿ?

ಕುತೂಹಲಕ್ಕೆಂದು ಮೊದಲೇ ಹಾಕಿ ಕೇಳಬೇಡಿ. ಜಿಗುಟಾಗಿದ್ದರೆ ಅದೇ ಕೊನೆಯ ಸಲ ಆದೀತು. ಡಬ್ಬ ತೆರೆದಾಗ ವಿನೆಗರ್ ವಾಸನೆ ಬಂದರೆ ಆ ಸ್ಪೂಲನ್ನು ಉಳಿದವುಗಳಿಂದ ದೂರವಿಡಿ. ಶಾಖ ಕೊಡಬೇಕೆಂದು ಇಲ್ಲಿ ಓದಿದಿರೆಂದು ಅಡುಗೆಮನೆಯ ಓವನ್ನಿಗೆ ಇಡಬೇಡಿ, ದಯವಿಟ್ಟು. ಅಟ್ಟದಿಂದ ಇಳಿಸಿ ತಂಪಾದ ಒಣ ಜಾಗದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಸ್ಪೀಕರ್, ಮೋಟಾರಿನ ಹತ್ತಿರ ಬೇಡ. ಇಳಿಸುವವರು ಸಿಕ್ಕಾಗ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಮೊರೆತ ತೆಗೆಯದೆ, ಇದ್ದದ್ದು ಇದ್ದಹಾಗೆ ಇಳಿಸಿ ಕೊಡಲು ಹೇಳಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲಿಡಿ. ಇಳಿಸಿದ ಮೇಲೂ ಸ್ಪೂಲು ಎಸೆಯಬೇಡಿ.

ಇದೆಲ್ಲಕ್ಕೂ ಮುಂಚೆ ಡಬ್ಬದ ಮೇಲಿರುವ ಬರಹದ ಫೋಟೋ ತೆಗೆಯಿರಿ. ಆಮೇಲೆ ಅಜ್ಜಿಯ ಹತ್ತಿರ ಕೂತು ಯಾವ ಮದುವೆ, ಯಾವ ವರ್ಷ, ಹಾಡಿದವರು ಯಾರು, ನಡುವೆ ಕೆಮ್ಮಿದವರು ಯಾರು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಡಬ್ಬದೊಳಗಿಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ.